ಗೆಟಿಸ್‌ಬರ್ಗ್: ಮೈದಾನಕ್ಕಿಂತ ಮೊದಲು ಮ್ಯೂಸಿಯಂ ನೋಡಿ

ಮಾನ್ಯ ಸಂಪಾದಕರೇ,

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋದವರು ವಾಷಿಂಗ್ಟನ್ ನೋಡಿಕೊಂಡು, ಒಂದು ದಿನ ಬಿಡುವು ಮಾಡಿ ಪೆನ್ಸಿಲ್ವೇನಿಯಾದಲ್ಲಿರುವ, ಅಮೆರಿಕದ ಅಂತರ್ಯುದ್ಧದ ಕಾಲದ ಗೆಟಿಸ್‌ಬರ್ಗ್ ರಣಭೂಮಿಗೂ ಹೋಗಿಬರುವುದುಂಟು. ಹಾಗೆ ಹೋಗಲಿರುವ ನಿಮ್ಮ ಓದುಗರಿಗಾಗಿ ಈ ಪತ್ರ. ದಯವಿಟ್ಟು ಕಾರನ್ನು ಸೀದಾ ಮೈದಾನಕ್ಕೆ ಬಿಡಬೇಡಿ. ಮೊದಲು ಬಾಲ್ಟಿಮೋರ್ ಪೈಕ್ ರಸ್ತೆಯ ಸಂದರ್ಶಕರ ಕೇಂದ್ರಕ್ಕೆ ಹೋಗಿ, ಅಲ್ಲಿನ ಮ್ಯೂಸಿಯಂಗೆ ಎರಡು ಗಂಟೆಯನ್ನಾದರೂ ಕೊಡಿ.

ಮೊದಲ ಸಲ ನಾವು ಹಾಗೆ ಮಾಡಲಿಲ್ಲ. ಮೈದಾನಕ್ಕೆ ಪ್ರವೇಶ ಉಚಿತ, ಮ್ಯೂಸಿಯಂಗೆ ಟಿಕೆಟ್. ಆರು ಜನಕ್ಕೆ ಸುಮ್ಮನೆ ಯಾಕೆ ಖರ್ಚು ಎಂದುಕೊಂಡು ಹೊರಗಿನಿಂದಲೇ ಮುಂದೆ ಹೋದೆವು. ಮೈದಾನದ ತುಂಬ 1,300ಕ್ಕೂ ಹೆಚ್ಚು ಸ್ಮಾರಕಗಳು, ಗುರುತಿನ ಫಲಕಗಳು, ಸಾಲುಸಾಲು ಫಿರಂಗಿಗಳು. ಫಿರಂಗಿಗೆ ಒರಗಿ ಫೋಟೊ ತೆಗೆಸಿಕೊಂಡದ್ದೂ ಆಯಿತು. ಮಧ್ಯಾಹ್ನದ ಹೊತ್ತಿಗೆ ಮೊಮ್ಮಗಳು ಕೇಳಿದಳು: "ತಾತ, ಇವರೆಲ್ಲ ಯಾಕೆ ಹೊಡೆದಾಡಿದ್ದು?" ನಾವು ನೋಡಿದ ಕಲ್ಲುಗಳಲ್ಲಿ ಯಾವ ರೆಜಿಮೆಂಟು ಎಲ್ಲಿ ನಿಂತಿತ್ತು, ಎಷ್ಟು ಜನ ಸತ್ತರು ಎಂಬುದಿತ್ತು. ಯಾಕೆ ಎಂಬುದು ಒಂದರ ಮೇಲೂ ಇರಲಿಲ್ಲ. ನನಗೂ ಅವಳಿಗೆ ಸರಿಯಾಗಿ ಹೇಳಲು ಬರಲಿಲ್ಲ. ಅದು ಮನಸ್ಸಿನಲ್ಲೇ ಉಳಿದು, ಮುಂದಿನ ಸಲ ಹೋದಾಗ ಮ್ಯೂಸಿಯಂನಿಂದಲೇ ಶುರು ಮಾಡಿದೆವು.

1863ರ ಜುಲೈ 1ರಿಂದ 3ರವರೆಗೆ, ಸುಮಾರು 2,400 ಜನರಿದ್ದ ಒಂದು ಪುಟ್ಟ ಊರಿನ ಸುತ್ತ ನಡೆದ ಯುದ್ಧ ಅದು. ಒಕ್ಕೂಟದ, ಅಂದರೆ ಉತ್ತರದವರ ಕಡೆ ಜನರಲ್ ಮೀಡ್, ಒಕ್ಕೂಟದಿಂದ ಬೇರೆಯಾದ ದಕ್ಷಿಣದವರ ಕಡೆ ಜನರಲ್ ಲೀ. ಸತ್ತವರು, ಗಾಯಗೊಂಡವರು, ಸೆರೆಯಾದವರು, ಕಾಣೆಯಾದವರು ಎಲ್ಲ ಸೇರಿ ಸುಮಾರು 51,000. ಆದರೆ ಮ್ಯೂಸಿಯಂ ಕತೆ ಶುರುವಾಗುವುದು ಕೋವಿಯಿಂದಲ್ಲ, ಕಾರಣದಿಂದ. ಮನುಷ್ಯರನ್ನು ಆಸ್ತಿ ಎಂದು ಲೆಕ್ಕ ಬರೆದಿಟ್ಟ ಗುಲಾಮಗಿರಿಯನ್ನು ಮೊದಲ ಕೋಣೆಗಳಲ್ಲೇ ಎದುರಿಗಿಟ್ಟು, ಆಮೇಲೆ ನಮ್ಮನ್ನು ಯುದ್ಧದೊಳಕ್ಕೆ ಕರೆದೊಯ್ಯುತ್ತಾರೆ. ಕೋಣೆಗಳ ಹೆಸರುಗಳೆಲ್ಲ ಅದೇ ವರ್ಷ ನವೆಂಬರ್ 19ರಂದು ಅಲ್ಲಿನ ಸೈನಿಕರ ಸ್ಮಶಾನದಲ್ಲಿ ಲಿಂಕನ್ ಮಾಡಿದ ಎರಡು ನಿಮಿಷದ ಭಾಷಣದ ಮಾತುಗಳು. ಹೀಗಾಗಿ ಭಾಷಣವನ್ನೇ ನಡೆದು ದಾಟಿದ ಹಾಗಾಗುತ್ತದೆ.

ಮೇಲಿನ ಮಹಡಿಯಲ್ಲಿರುವ ವೃತ್ತಾಕಾರದ ಚಿತ್ರವನ್ನಂತೂ ತಪ್ಪಿಸಬೇಡಿ. ಫ್ರೆಂಚ್ ಕಲಾವಿದ ಪಾಲ್ ಫಿಲಿಪ್ಪೊಟೋ ಮತ್ತು ಸಂಗಡಿಗರು ಬರೆದದ್ದು, 1884ರಲ್ಲಿ ಬಾಸ್ಟನ್‌ನಲ್ಲಿ ಮೊದಲು ಪ್ರದರ್ಶನವಾಯಿತು. ಉದ್ದ 377 ಅಡಿ, ಎತ್ತರ 42 ಅಡಿ. ನಡುವಿನ ಅಟ್ಟದ ಮೇಲೆ ನಿಂತರೆ ಮೂರನೆಯ ದಿನ ದಕ್ಷಿಣದವರು ನಡೆಸಿದ ‘ಪಿಕೆಟ್ ದಾಳಿ’ ನಮ್ಮ ಸುತ್ತಲೂ ನಡೆಯುತ್ತಿರುತ್ತದೆ. ಚಿತ್ರದ ಮುಂದೆ ನಿಜವಾದ ವಸ್ತುಗಳನ್ನೇ ಜೋಡಿಸಿಟ್ಟಿರುವುದರಿಂದ ನೆಲ ಎಲ್ಲಿ ಮುಗಿದು ಚಿತ್ರದ ಬಟ್ಟೆ ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಸುಮಾರು 12,000 ಜನ ಮರೆಯಿಲ್ಲದ ಬಯಲಿನಲ್ಲಿ ಮುಕ್ಕಾಲು ಮೈಲಿ ನಡೆದುಬಂದು, ಅರ್ಧದಷ್ಟು ಜನ ಸತ್ತೋ ಗಾಯಗೊಂಡೋ ಸೆರೆಸಿಕ್ಕೋ ಹೋದರು. ನನ್ನ ಪಕ್ಕದಲ್ಲಿ ನಿಂತಿದ್ದವರೊಬ್ಬರು ದೀಪ ಹತ್ತಿದ ಮೇಲೂ ಕಂಬಿ ಬಿಡಲಿಲ್ಲ.

ಅಲ್ಲಿಂದ ಮೈದಾನಕ್ಕೆ ಬಂದರೆ ಅದೇ ಜಾಗ ಬೇರೆಯಾಗಿ ಕಾಣುತ್ತದೆ. ಪಿಕೆಟ್ ದಾಳಿ ಮುರಿದುಬಿದ್ದ ದಿಬ್ಬದ ಮೇಲೆ ಒಂದು ಸಣ್ಣ ಬಿಳಿ ಮನೆಯಿದೆ. ಮೊದಲ ಸಲ ಅದರ ಮುಂದೆಯೇ ಹಾದುಹೋಗಿದ್ದೆವು, ತಿರುಗಿಯೂ ನೋಡಿರಲಿಲ್ಲ. ಅದು ಅಬ್ರಹಾಂ ಬ್ರಯಾನ್ ಎಂಬ ಸ್ವತಂತ್ರ ಕಪ್ಪು ರೈತನದು. ಲೀ ಸೈನ್ಯ ಪೆನ್ಸಿಲ್ವೇನಿಯಾದೊಳಗೆ ಬಂದಾಗ ಕಪ್ಪು ಜನರನ್ನು ಹಿಡಿದು ಗುಲಾಮಗಿರಿಗೆ ದಕ್ಷಿಣಕ್ಕೆ ಸಾಗಿಸುತ್ತಿತ್ತು. ಅದಕ್ಕೆ ಬ್ರಯಾನ್ ಮನೆ, ಹೊಲ ಎಲ್ಲ ಬಿಟ್ಟು ಹೆಂಡತಿ ಮಕ್ಕಳೊಂದಿಗೆ ಓಡಿಹೋಗಿದ್ದ. ಹಿಂತಿರುಗಿದಾಗ ಗೋಡೆಗಳ ತುಂಬ ಗುಂಡಿನ ತೂತು, ಬೆಳೆ ನೆಲಸಮ. 1,028 ಡಾಲರ್ ಪರಿಹಾರ ಕೇಳಿದ, ಸರ್ಕಾರ ಕೊಟ್ಟದ್ದು 15 ಡಾಲರ್. ಮೊಮ್ಮಗಳ ಪ್ರಶ್ನೆಗೆ ಉತ್ತರ ಆ ಮನೆಯ ಬಾಗಿಲಲ್ಲೇ ಇತ್ತು.

ಇನ್ನೊಂದು ಮಾತು. ಮೊದಲು ಸಂದರ್ಶಕರ ಕೇಂದ್ರವೂ ಚಿತ್ರದ ಕಟ್ಟಡವೂ ಇದೇ ದಿಬ್ಬದ ಬಳಿ, ಜನ ಸತ್ತ ನೆಲದ ಮೇಲೇ ಇದ್ದವು. 2008ರಲ್ಲಿ ಹೊಸ ಕೇಂದ್ರವನ್ನು ದೂರದಲ್ಲಿ ಕಟ್ಟಿ, ಹಳೆಯವನ್ನು ಕೆಡವಿ, ನೆಲವನ್ನು 1863ರಲ್ಲಿದ್ದ ಸ್ಥಿತಿಗೆ ತರಲು ಹೊರಟರು. ಹೆಸರಾಂತ ವಾಸ್ತುಶಿಲ್ಪಿ ರಿಚರ್ಡ್ ನ್ಯೂಟ್ರಾ ಕಟ್ಟಿದ್ದ ಚಿತ್ರದ ಕಟ್ಟಡವೂ 2013ರಲ್ಲಿ ಹೋಯಿತು. ಒಳ್ಳೆಯ ಕಟ್ಟಡ ಕೆಡವಿದರು ಎಂದು ನೊಂದವರಿದ್ದಾರೆ, ಅವರ ನೋವು ನನಗೂ ಅರ್ಥವಾಗುತ್ತದೆ. ಆದರೂ ಆ ನೆಲವನ್ನು ತೆರವು ಮಾಡಿದ್ದೇ ಸರಿ.

ಪತ್ರಿಕೆಗೆ ಬರೆಯುತ್ತಿರುವುದರಿಂದ ಇದನ್ನೂ ಹೇಳಲೇಬೇಕು. ಯುದ್ಧ ಮುಗಿದ ಮೇಲೆ ಊರೊಳಗೆ ಹೆಸರು ಗೊತ್ತಿಲ್ಲದ ಒಬ್ಬ ಸೈನಿಕನ ಹೆಣ ಸಿಕ್ಕಿತು. ಅವನ ಕೈಯಲ್ಲಿ ಮೂವರು ಮಕ್ಕಳ ಒಂದು ಫೋಟೊ. ಆಗ ಪತ್ರಿಕೆಗಳಲ್ಲಿ ಫೋಟೊ ಅಚ್ಚು ಹಾಕಲು ಬರುತ್ತಿರಲಿಲ್ಲ. ಮಕ್ಕಳ ಮುಖ, ಬಟ್ಟೆ, ಕುಳಿತ ರೀತಿಯನ್ನೆಲ್ಲ ಮಾತಿನಲ್ಲೇ ವರ್ಣಿಸಿ, ಇವರ ತಂದೆ ಯಾರು ಎಂದು ಫಿಲಡೆಲ್ಫಿಯಾದ ಪತ್ರಿಕೆ ಅಕ್ಟೋಬರ್‌ನಲ್ಲಿ ಕೇಳಿತು. ಬೇರೆ ಪತ್ರಿಕೆಗಳೂ ಅದನ್ನು ಎತ್ತಿಕೊಂಡವು. ನ್ಯೂಯಾರ್ಕ್ ರಾಜ್ಯದ ಪೋರ್ಟ್‌ವಿಲ್‌ನಲ್ಲಿ ಫಿಲಿಂಡಾ ಹ್ಯುಮಿಸ್ಟನ್‌ಗೆ ಆ ವರ್ಣನೆ ತಲುಪಿತು. ಗಂಡ ಏಮಸ್‌ಗೆ ಅಂಥದೇ ಫೋಟೊ ಕಳಿಸಿದ್ದವಳು ಅವಳೇ. ಪ್ರತಿ ತರಿಸಿ ನೋಡಿದಳು, ತನ್ನ ಮಕ್ಕಳೇ.

ಏಮಸ್ ಹ್ಯುಮಿಸ್ಟನ್‌ನ ಸ್ಮಾರಕ ಸ್ಟ್ರಾಟನ್ ಬೀದಿಯಲ್ಲಿದೆ. ಮ್ಯೂಸಿಯಂ ಮುಗಿಸಿ ಊಟಕ್ಕೆ ಊರೊಳಗೆ ಹೋಗುವವರು ಅಲ್ಲೂ ಐದು ನಿಮಿಷ ನಿಲ್ಲಲಿ ಎಂದು ನಿಮ್ಮ ಪ್ರವಾಸ ಪುಟದಲ್ಲಿ ಒಂದು ಸಾಲು ಸೇರಿಸುವಿರಾ?

ಇಂತಿ,
ನಿಮ್ಮ ಹಳೆಯ ಓದುಗ