ಹೊಸ ಬ್ರೇಕ್ ಸದ್ದು ಮಾಡಿದರೆ ‘ಓಡಿಸ್ತಾ ಸರಿಹೋಗುತ್ತೆ’ ಎಂದು ಬಿಡಬೇಡಿ

ಮಾನ್ಯ ಸಂಪಾದಕರೇ,

ನಾನು ಕಾರ್ ಮೆಕ್ಯಾನಿಕ್. ಬ್ರೇಕ್ ಕೆಲಸವೇ ಜಾಸ್ತಿ ಮಾಡುವವನು. ಚಕ್ರದ ಜೊತೆ ತಿರುಗುವ ಡಿಸ್ಕ್, ಅದನ್ನು ಎರಡು ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡ್, ಎರಡನ್ನೂ ಹೊಸದಾಗಿ ಹಾಕಿಸಿದ ಮೇಲೂ ಸದ್ದು ನಿಂತಿಲ್ಲ ಎಂದು ಹೇಳಿಕೊಂಡು ಬರುವವರು ಬಹಳ. ಕೆಲಸ ಮಾಡಿದ ಕಡೆ ಅವರಿಗೆ ಸಿಕ್ಕಿರುವ ಉತ್ತರ ಸಾಮಾನ್ಯವಾಗಿ ಒಂದೇ: ‘ಹೊಸದಲ್ವಾ ಸಾರ್, ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ.’ ಕೆಲವು ಸದ್ದಿಗೆ ಈ ಮಾತು ನಿಜ. ಬೇರೆ ಕೆಲವು ಸದ್ದು ಕೇಳಿಯೂ ಇದನ್ನೇ ನಂಬಿ ಗಾಡಿ ಓಡಿಸಿದರೆ ಜೀವಕ್ಕೆ ಅಪಾಯ. ಆ ವ್ಯತ್ಯಾಸ ಕಾರ್ ಓಡಿಸುವವರಿಗೂ ತಿಳಿದಿರಲಿ ಎಂದು ಈ ಪತ್ರ.

ಸರಿಹೋಗುವ ಸದ್ದು ಯಾವುದು ಎಂದು ಮೊದಲು ಹೇಳಿಬಿಡುತ್ತೇನೆ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕು. ಪ್ಯಾಡಿನ ಪದಾರ್ಥ ಡಿಸ್ಕಿನ ಮೇಲೆ ತೆಳುವಾಗಿ, ಸಮನಾಗಿ ಕೂರಬೇಕು. ಅಲ್ಲಿಯವರೆಗೆ ಸಣ್ಣಗೆ ಉಜ್ಜಿದ ಹಾಗೆ ಕೇಳಿಸಬಹುದು. ಖಾಲಿ ರಸ್ತೆಯಲ್ಲಿ ಗಂಟೆಗೆ 50–60 ಕಿ.ಮೀ. ವೇಗದಿಂದ ಸುಮಾರು 10ಕ್ಕೆ ಇಳಿಯುವಂತೆ ಹದವಾಗಿ ಬ್ರೇಕ್ ಒತ್ತಿ, ನಡುವೆ ಆರಲು ಬಿಟ್ಟು, ಹೀಗೆ ಹಲವು ಸಲ ಮಾಡಿದರೆ ಇದು ಬೇಗ ಆಗುತ್ತದೆ. ಪ್ಯಾಡ್ ತಯಾರಿಸಿದವರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಿ. ಬಿಸಿಯಾಗಿರುವಾಗ ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿಕೊಂಡೇ ಇರಬೇಡಿ. ಪ್ಯಾಡಿನ ಪದಾರ್ಥ ಅದೇ ಜಾಗದಲ್ಲಿ ಅಂಟಿಕೊಂಡು, ಮುಂದೆ ಬ್ರೇಕ್ ಒತ್ತಿದಾಗಲೆಲ್ಲ ಅದುರು ಶುರುವಾಗಬಹುದು. ಇನ್ನು ರಾತ್ರಿ ತೇವಕ್ಕೆ ಡಿಸ್ಕಿನ ಮೇಲೆ ತೆಳ್ಳಗೆ ತುಕ್ಕು ಹಿಡಿಯುತ್ತದೆ. ಬೆಳಗ್ಗೆ ಗಾಡಿ ತೆಗೆದಾಗ ಕರಕರ ಅಂದು, ನಾಲ್ಕಾರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಹೋಗುತ್ತದೆ. ಇದಕ್ಕೆಲ್ಲ ಗಾಬರಿ ಬೇಡ.

ದಿನ ಕಳೆದರೂ ಕೀ... ಎಂದು ಕಿವಿ ಕೊರೆಯುವ ಸದ್ದು ಬರುತ್ತಲೇ ಇದ್ದರೆ ಅದರ ಕಥೆ ಬೇರೆ. ಹಲಗೆಯ ಮೇಲೆ ಸೀಮೆಸುಣ್ಣ ಕಿರುಗುಟ್ಟುವುದಿಲ್ಲವಾ, ಹಾಗೆಯೇ ಪ್ಯಾಡ್ ಡಿಸ್ಕಿಗೆ ತಾಗಿ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಅದುರುತ್ತದೆ. ಆ ಅದುರನ್ನು ತಡೆಯಲೆಂದೇ ಪ್ಯಾಡಿನ ಬೆನ್ನಿಗೆ ಶಿಮ್ ಎಂಬ ತೆಳು ತಗಡು ಇರುತ್ತದೆ, ಎರಡು ತುದಿಗೂ ಕ್ಲಿಪ್ ಇರುತ್ತವೆ. ಅವಸರದ ಕೆಲಸದಲ್ಲಿ ಮೊದಲು ಬಿಟ್ಟುಹೋಗುವುದು ಇವೇ. ಹಳೆಯ ಸೊಟ್ಟ ಕ್ಲಿಪ್ಪನ್ನೇ ಮತ್ತೆ ಸಿಕ್ಕಿಸುತ್ತಾರೆ. ಕ್ಲಿಪ್ ಕೂರುವ ಜಾಗದ ತುಕ್ಕನ್ನು ಯಾರೂ ಕೆರೆಯುವುದಿಲ್ಲ. ತುಕ್ಕು ಉಬ್ಬಿ ಕ್ಲಿಪ್ಪನ್ನು ಮೇಲೆತ್ತುತ್ತದೆ, ಪ್ಯಾಡ್ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ, ಬ್ರೇಕ್ ಬಿಟ್ಟ ಮೇಲೂ ಹಿಂದೆ ಸರಿಯುವುದಿಲ್ಲ. ವೈರ್ ಬ್ರಷ್ ಹಿಡಿದು ಲೋಹ ಕಾಣುವವರೆಗೆ ಉಜ್ಜಿದರೆ ಪ್ಯಾಡ್ ಕೈಯಲ್ಲೇ ಸಲೀಸಾಗಿ ಜಾರಬೇಕು. ಸುತ್ತಿಗೆಯಲ್ಲಿ ಹೊಡೆದು ಕೂರಿಸಬೇಕಾಗಿ ಬಂದರೆ ಎಲ್ಲೋ ತಪ್ಪಿದೆ.

ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗವೇ ಕ್ಯಾಲಿಪರ್. ಅದು ಜಾರುವ ಪಿನ್ನುಗಳದ್ದೂ ಇದೇ ಪಾಡು. ಅವಕ್ಕೆ ಬ್ರೇಕಿಗೆಂದೇ ಬರುವ ಗ್ರೀಸ್ ಹಾಕಬೇಕು. ಕೈಗೆ ಸಿಕ್ಕಿದ ಮಾಮೂಲಿ ಗ್ರೀಸ್ ಬಳಿದರೆ ಪಿನ್ನಿನ ರಬ್ಬರ್ ಊದಿಕೊಂಡು ಪಿನ್ ಹಿಡಿದುಕೊಳ್ಳುತ್ತದೆ. ಆಗ ಸಾಮಾನ್ಯವಾಗಿ ಒಳಗಿನ ಪ್ಯಾಡ್ ಬೇಗ ಸವೆಯುತ್ತದೆ, ಹೊರಗಿನದು ಹೊಸದರಂತೆಯೇ ಉಳಿಯುತ್ತದೆ. ಚಕ್ರದ ಸಂದಿಯಲ್ಲಿ ಇಣುಕಿದವರಿಗೆ ಹೊರಗಿನದು ಮಾತ್ರ ಕಾಣುವುದು. ಪ್ಯಾಡ್ ಚೆನ್ನಾಗಿದೆ ಎಂದು ಕಳಿಸಿಬಿಡುತ್ತಾರೆ!

ನನಗೆ ತೀರಾ ಬೇಸರ ತರಿಸುವುದು ಹಬ್, ಅಂದರೆ ಡಿಸ್ಕ್ ಮತ್ತು ಚಕ್ರ ಕೂರುವ ಭಾಗದ ತುಕ್ಕು. ಹಳೆಯ ಡಿಸ್ಕ್ ಬಿಚ್ಚಿದಾಗ ಅದು ಕೂತಿದ್ದ ಜಾಗದಲ್ಲಿ ತುಕ್ಕು ಹಾಗೆಯೇ ಉಳಿದಿರುತ್ತದೆ. ಅದರ ಮೇಲೆಯೇ ಹೊಸ ಡಿಸ್ಕ್ ಕೂರಿಸಿದರೆ ಅದು ಸ್ವಲ್ಪ ಓರೆಯಾಗಿ ತಿರುಗುತ್ತದೆ. ಬಹಳ ಕಾರುಗಳಲ್ಲಿ ಈ ಓರೆ ಸುಮಾರು 0.05 ಮಿ.ಮೀ. ದಾಟಬಾರದು. ಕಣ್ಣಿಗೆ ಇದು ಕಾಣುವುದಿಲ್ಲ, ಇಷ್ಟು ಸಣ್ಣ ವ್ಯತ್ಯಾಸ ಅಳೆಯುವ ಡಯಲ್ ಗೇಜ್ ಇಟ್ಟೇ ನೋಡಬೇಕು. ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಕೆಲವು ಸಾವಿರ ಕಿ.ಮೀ. ಓಡುವಷ್ಟರಲ್ಲಿ ಡಿಸ್ಕಿನ ದಪ್ಪ ಒಂದೊಂದು ಕಡೆ ಒಂದೊಂದು ಥರ ಆಗಿ, ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆ. ‘ಡಿಸ್ಕ್ ಬೆಂಡ್ ಆಗಿದೆ’ ಎಂದು ಹೇಳಿ ಇನ್ನೊಂದು ಜೊತೆ ಹಾಕುತ್ತಾರೆ, ಮತ್ತೆ ಅದೇ ತುಕ್ಕಿನ ಮೇಲೆ! ಚಕ್ರದ ನಟ್ಟುಗಳನ್ನು ನಟ್ಟು ಬಿಗಿಯುವ ಗನ್ನಿನಲ್ಲಿ ಮನಸ್ಸಿಗೆ ಬಂದಂತೆ ಬಿಗಿದರೂ ಡಿಸ್ಕ್ ಹೀಗೆಯೇ ಓರೆಯಾಗಬಹುದು. ಎದುರುಬದುರು ನಟ್ಟುಗಳನ್ನು, ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ಸಮನಾಗಿ ಬಿಗಿಯಬೇಕು.

ಬ್ರೇಕ್ ಒತ್ತದಿದ್ದರೂ ಚಕ್ರ ತಿರುಗಿದಂತೆಲ್ಲ ತಗಡು ಕೆರೆಯುವ ಸದ್ದು ಬಂದರೆ ಡಿಸ್ಕಿನ ಹಿಂದಿರುವ ತಗಡಿನ ಕವಚವನ್ನು ನೋಡಿ. ಹಳೆಯ ಡಿಸ್ಕನ್ನು ಬಡಿದು ಬಿಡಿಸುವಾಗ ಅದು ಬಾಗಿರುತ್ತದೆ. ಇಲ್ಲವೇ ಸಣ್ಣ ಕಲ್ಲೊಂದು ಸಿಕ್ಕಿಕೊಂಡಿರುತ್ತದೆ. ಬಾಗಿದ್ದನ್ನು ಕೈಯಲ್ಲೇ ಸ್ವಲ್ಪ ಎಳೆದು ಸರಿ ಮಾಡಬಹುದು, ಯಾವ ಬಿಡಿಭಾಗವೂ ಬೇಡ. ಸವೆತ ತಿಳಿಸಲು ಪ್ಯಾಡಿಗಿರುವ ಲೋಹದ ನಾಲಿಗೆ ತಪ್ಪು ಕಡೆಗೆ ಬಂದು ಡಿಸ್ಕಿಗೆ ತಾಗಿದರೂ ಸದ್ದು ಬರುತ್ತದೆ.

ಅದಕ್ಕೇ ಜ್ಯಾಕ್ ಹಚ್ಚುವ ಮೊದಲು ನಾನು ಗಾಡಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬರುತ್ತೇನೆ. ಸದ್ದು ಬ್ರೇಕ್ ಒತ್ತಿದಾಗಲಾ, ಬಿಟ್ಟಾಗಲಾ? ತಣ್ಣಗಿದ್ದಾಗಲಾ, ಬಿಸಿಯಾದ ಮೇಲಾ? ರಿವರ್ಸಿನಲ್ಲೂ ಬರುತ್ತದಾ? ಬ್ರೇಕಿಗೆ ಸಂಬಂಧವೇ ಇಲ್ಲದೆ, ವೇಗ ಏರಿದಂತೆ ಗುಂಯ್‌ಗುಟ್ಟಿ, ತಿರುವಿನಲ್ಲಿ ಸದ್ದು ಬದಲಾದರೆ ಅದು ಹೆಚ್ಚಾಗಿ ಚಕ್ರ ಸಲೀಸಾಗಿ ತಿರುಗಲೆಂದು ಇರುವ ವೀಲ್ ಬೇರಿಂಗಿನದು. ಅದಕ್ಕೆ ಪ್ಯಾಡ್ ಎಷ್ಟು ಸಲ ಬದಲಿಸಿದರೂ ಸುಮ್ನೆ ದುಡ್ಡು ದಂಡ. ರಿವರ್ಸಿನಿಂದ ಮುಂದಕ್ಕೆ ಬಂದು ಬ್ರೇಕ್ ಒತ್ತಿದಾಗ ಒಂದೇ ಒಂದು ‘ಟಕ್’ ಬಂದರೆ ಪ್ಯಾಡ್ ಜಾಗ ಸರಿದದ್ದು, ಹೆಚ್ಚಿನ ಸಲ ತೊಂದರೆ ಇಲ್ಲ. ಬ್ರೇಕ್ ಒತ್ತಿದಾಗೆಲ್ಲ ‘ಟಕ್ ಟಕ್’ ಎಂದರೆ ಕ್ಯಾಲಿಪರ್ ಬೋಲ್ಟ್ ಬಿಗಿಯಾಗಿವೆಯೇ ಎಂದು ಆಗಲೇ ನೋಡಿಸಿ.

ಬ್ರೇಕ್ ಹೆಚ್ಚು ಬಳಸದೆ ಸ್ವಲ್ಪ ದೂರ ಓಡಿಸಿ ಬಂದ ಮೇಲೆ ಚಕ್ರಗಳ ಹತ್ತಿರ ಕೈ ತನ್ನಿ. ಡಿಸ್ಕ್ ಮುಟ್ಟಬೇಡಿ, ಸುಡುತ್ತದೆ. ಒಂದು ಕಡೆಯ ಚಕ್ರ ಅದರ ಜೋಡಿಗಿಂತ ಜಾಸ್ತಿ ಕಾದಿದ್ದರೆ ಅಲ್ಲಿ ಪಿನ್ ಅಥವಾ ಪ್ಯಾಡನ್ನು ತಳ್ಳುವ ಪಿಸ್ಟನ್ ಹಿಡಿದುಕೊಂಡಿರಬಹುದು. ಬ್ರೇಕ್ ಆಯಿಲ್ ಹರಿಯುವ ಹೋಸ್ (ಪೈಪ್) ಒಳಗೇ ಊದಿಕೊಂಡು ಆಯಿಲ್ ಹಿಂದಕ್ಕೆ ಬರದೆ ಇರುವುದೂ ಉಂಟು.

ಒಂದು ಕೆಲಸವನ್ನು ಮಾತ್ರ ದಯವಿಟ್ಟು ಯಾರೂ ಮಾಡಬೇಡಿ. ಸದ್ದು ನಿಲ್ಲಲಿ ಎಂದು ಡಿಸ್ಕಿಗೋ ಪ್ಯಾಡಿನ ಮುಖಕ್ಕೋ ಎಣ್ಣೆ, ಸ್ಪ್ರೇ ಹೊಡೆಯಬೇಡಿ. ಸದ್ದಿನ ಜೊತೆ ಬ್ರೇಕೂ ಹೋಗುತ್ತದೆ. ಗ್ರೀಸ್ ಏನಿದ್ದರೂ ಪ್ಯಾಡಿನ ಬೆನ್ನಿಗೆ ಮತ್ತು ಅದು ಜಾರುವ ತುದಿಗಳಿಗೆ, ಅದೂ ತೆಳ್ಳಗೆ. ಎಣ್ಣೆ ಕುಡಿದ ಪ್ಯಾಡನ್ನು ಎಸೆಯುವುದೇ ಸರಿ.

ಗ್ಯಾರೇಜ್ ನಡೆಸುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ. ಹಬ್ ಉಜ್ಜಿದ್ದು, ಪಿನ್ ಬಿಚ್ಚಿ ಗ್ರೀಸ್ ಹಾಕಿದ್ದು, ಕ್ಲಿಪ್ ಬದಲಿಸಿದ್ದು, ಇವನ್ನೂ ಬಿಲ್ಲಿನಲ್ಲಿ ಬರೆಯಿರಿ, ಅದಕ್ಕೆ ಕೂಲಿಯನ್ನೂ ಕೇಳಿ. ಕಾರಿನವರು ಆ ಕೂಲಿಗೆ ಚೌಕಾಸಿ ಮಾಡಬೇಡಿ, ಒಂದು ಗಂಟೆ ಜಾಸ್ತಿ ಆಗುತ್ತದೆ ಎಂದರೆ ಕಾಯಿರಿ. ಲೋಹಕ್ಕೆ ಲೋಹ ಉಜ್ಜುವ ಗರಗರ ಸದ್ದು ಬಂದರೆ, ಪೆಡಲ್ ಮೆತ್ತಗಾಗಿ ಕೆಳಗಿಳಿದರೆ, ಗಾಡಿ ಒಂದು ಪಕ್ಕಕ್ಕೆ ಎಳೆದರೆ, ಸುಟ್ಟ ವಾಸನೆ ಬಂದರೆ ಗ್ಯಾರೇಜಿನವರೆಗೂ ಓಡಿಸಿಕೊಂಡು ಬರಬೇಡಿ. ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಫೋನ್ ಮಾಡಿ, ನಾವೇ ಬರುತ್ತೇವೆ.

— ಒಬ್ಬ ಕಾರ್ ಮೆಕ್ಯಾನಿಕ್