ಶಿಬಿರದಲ್ಲಿ ಗೊರಕೆಯ ಬಗ್ಗೆಯೂ ಕೇಳಿ

ಮಾನ್ಯ ಸಂಪಾದಕರೇ,

ಮುಂಬೈಯ ನಮ್ಮ ಕನ್ನಡ, ತುಳು ಸಂಘಗಳ ಆರೋಗ್ಯ ಶಿಬಿರಗಳಲ್ಲಿ ಬಿಪಿ ನೋಡುತ್ತಾರೆ, ಶುಗರ್ ನೋಡುತ್ತಾರೆ, ಕಣ್ಣು ನೋಡುತ್ತಾರೆ. ನಿದ್ದೆ ಹೇಗಿದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಲೇಬೇಕು, ಅದಕ್ಕೇ ಈ ಪತ್ರ.

ಹೋಟೆಲಿನ ಮಾಳಿಗೆಯಲ್ಲಿ ಸಾಲಾಗಿ ಮಲಗಿದವರಿಗೆ ಇದು ಹೊಸದಲ್ಲ. ಒಬ್ಬರು ಜೋರಾಗಿ ಗೊರಕೆ ಹೊಡೆಯುತ್ತಿರುತ್ತಾರೆ, ಇದ್ದಕ್ಕಿದ್ದಂತೆ ಸದ್ದು ನಿಲ್ಲುತ್ತದೆ, ಎದೆ ಹೊಟ್ಟೆ ಅಲ್ಲಾಡುತ್ತಿದ್ದರೂ ಉಸಿರಿಲ್ಲ, ಆಮೇಲೆ ನೀರಿನಿಂದ ತಲೆ ಎತ್ತಿದವರ ಹಾಗೆ ಗಕ್ಕನೆ ಉಸಿರೆಳೆದು ಮಗ್ಗುಲು ಬದಲಿಸುತ್ತಾರೆ. 'ಪಾಪ, ದಣಿದಿದ್ದಾರೆ, ಒಳ್ಳೆ ನಿದ್ದೆ' ಅಂತಾರೆ ಪಕ್ಕದವರು. ಒಳ್ಳೆ ನಿದ್ದೆ ಅಲ್ಲ ಅದು, ಸ್ಲೀಪ್ ಆಪ್ನಿಯಾ ಇರಬಹುದು. ಗಂಟಲಿನ ಸ್ನಾಯು ಸಡಿಲಾಗಿ ಉಸಿರಿನ ದಾರಿ ಮುಚ್ಚುತ್ತದೆ, ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ, ಮೆದುಳು ಬಡಿದೆಬ್ಬಿಸುತ್ತದೆ. ಕಾಯಿಲೆ ಜೋರಾಗಿದ್ದರೆ ಗಂಟೆಗೆ 30 ಸಲಕ್ಕೂ ಜಾಸ್ತಿ ಹೀಗಾಗುತ್ತದೆ. ಬೆಳಿಗ್ಗೆ ಇದ್ಯಾವುದೂ ನೆನಪಿರುವುದಿಲ್ಲ. ಉಳಿಯುವುದು ತಲೆನೋವು, ಒಣಗಿದ ಬಾಯಿ, ಗಲ್ಲಾಪೆಟ್ಟಿಗೆ ಮುಂದೆ ಕೂತಲ್ಲೇ ತೂಕಡಿಕೆ.

ಮೂರು ಥರದ ಮಾತ್ರೆ ನುಂಗಿದರೂ ಬಿಪಿ ಇಳಿಯದವರಲ್ಲಿ ಎಷ್ಟೋ ಸಲ ಇದೇ ಕಾರಣ ಇರುತ್ತದೆ. ಎದೆಬಡಿತದ ಏರುಪೇರು, ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಎಲ್ಲಕ್ಕೂ ಇದರ ನಂಟಿದೆ. ನಿದ್ದೆ ಬರಲಿ ಅಂತ ರಾತ್ರಿ ಕುಡಿದರೆ ಗಂಟಲು ಇನ್ನೂ ಸಡಿಲಾಗುತ್ತದೆ. ಡಾಕ್ಟರನ್ನು ಕೇಳದೆ ನಿದ್ದೆ ಮಾತ್ರೆ ನುಂಗುವುದೂ ಬೇಡ.

ನಿದ್ದೆ ಕೆಡಿಸುವುದು ಗೊರಕೆ ಒಂದೇ ಅಲ್ಲ. ಕಾಲು ಎಳೆತ ಅಂತ ರಾತ್ರಿಯೆಲ್ಲ ಹೊರಳಾಡುವ ಹೆಂಗಸರು ನಮ್ಮ ಮನೆಗಳಲ್ಲಿ ಎಷ್ಟಿಲ್ಲ? ಕೆಲವರಿಗೆ ಕಬ್ಬಿಣಾಂಶ ಕಡಿಮೆಯಾಗಿಯೂ ಹಾಗಾಗುತ್ತದೆ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಸುಮ್ನೆ ಸಹಿಸುತ್ತಾರೆ.

ಆಪ್ನಿಯಾಗೆ ಚಿಕಿತ್ಸೆ ಇಲ್ಲದಿಲ್ಲ. ತೂಕ ಇಳಿದರೆ, ಮಗ್ಗುಲಾಗಿ ಮಲಗಿದರೆ ಹಲವರಿಗೆ ಹಗುರಾಗುತ್ತದೆ. ಮಾಸ್ಕಿನ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ 1981ರಲ್ಲೇ ಬಂದಿದೆ. ನಿದ್ದೆಯಲ್ಲಿ ಉಸಿರು ಹೇಗಿದೆ ಅಂತ ನೋಡುವ ಪರೀಕ್ಷೆಯನ್ನು ಈಗ ಮನೆಯಲ್ಲೂ ಮಾಡಬಹುದು. ಆದರೆ ಕ್ಯಾಂಟೀನಿನಲ್ಲಿ ದುಡಿಯುವವರು ಪರೀಕ್ಷೆಗೆ, ಯಂತ್ರಕ್ಕೆ ದುಡ್ಡು ಎಲ್ಲಿಂದ ತರಬೇಕು ಹೇಳಿ. ಸಂಘಗಳು ವೈದ್ಯಕೀಯ ನೆರವು ಕೊಡುತ್ತವೆ ಅಲ್ವಾ, ಅದರಲ್ಲಿ ಈ ಪರೀಕ್ಷೆಯನ್ನೂ ಸೇರಿಸಲಿ. ನಾಲ್ಕೈದು ಯಂತ್ರ ಕೊಂಡಿಟ್ಟು, ಡಾಕ್ಟರ್ ಬರೆದುಕೊಟ್ಟವರಿಗೆ ಬಳಸಲು ಕೊಡಲಿ.

ಶಿಬಿರದ ಫಾರಂನಲ್ಲಿ ಮೂರೇ ಪ್ರಶ್ನೆ ಸಾಕು: ಗೊರಕೆ ಜೋರಾ, ನಡುವೆ ಉಸಿರು ನಿಲ್ಲುತ್ತದಾ, ಹಗಲು ತೂಕಡಿಕೆ ಬರುತ್ತದಾ. ಮೊದಲ ಎರಡಕ್ಕೆ ಉತ್ತರ ಬೇಕಿದ್ದರೆ ಹೆಂಡತಿಯನ್ನೋ, ಗಂಡನನ್ನೋ, ರೂಮಿನ ಜೊತೆಗಾರನನ್ನೋ ಕರೆದುಕೊಂಡು ಬನ್ನಿ ಅಂತ ಆಮಂತ್ರಣದಲ್ಲೇ ಹಾಕಿಸಿ.

– ಒಬ್ಬ ಓದುಗ, ಡೊಂಬಿವಲಿ