ಹೇಳದೆ ಕೇಳದೆ ಫಾರ್ಮ್ಯಾಟ್ ಮಾಡಿದ ನನ್ನ ಅಂಗಡಿಯ ಕಂಪ್ಯೂಟರಿನ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಸರ್ವಿಸ್ ವಿಭಾಗ,
ಕಾಸರಗೋಡು

ಮಾನ್ಯರೇ,

ನಿನ್ನೆ ಸಂಜೆ ನಿಮ್ಮ ಕಚೇರಿಯಿಂದ ನನ್ನ ವಾಟ್ಸ್ಯಾಪಿಗೆ ಒಂದು ಬಿಲ್ಲು ಬಂತು. "ಓಎಸ್ ಇನ್‌ಸ್ಟಾಲೇಶನ್, 1,500 ರೂಪಾಯಿ. ಪಾವತಿಸದಿದ್ದರೆ ಎಎಂಸಿ (ವಾರ್ಷಿಕ ನಿರ್ವಹಣಾ ಕರಾರು) ರದ್ದಾಗುತ್ತದೆ." ಇಷ್ಟು ದಿನ ಫೋನಿನಲ್ಲಿ ಮರ್ಯಾದೆಯಿಂದಲೇ ಮಾತಾಡಿದ್ದೇನೆ. ಇನ್ನು ಬಾಯಿಮಾತು ಬೇಡ. ಈ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ, ಒಂದು ಪ್ರತಿ ನನ್ನ ಫೈಲಿನಲ್ಲಿದೆ.

ಬದಿಯಡ್ಕದ ನನ್ನ ಡಿಟಿಪಿ ಅಂಗಡಿಯ ಎರಡು ಕಂಪ್ಯೂಟರುಗಳನ್ನು ಮಾರಿದವರು ನೀವು. ಅವುಗಳಿಗೆ ಉಬುಂಟು 22.04 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ (ಓಎಸ್) ಹಾಕಿ ಕೊಟ್ಟವರೂ ನೀವೇ. ವರ್ಷ ವರ್ಷ ಎಎಂಸಿ ಹಣ ತೆಗೆದುಕೊಳ್ಳುತ್ತಿರುವವರೂ ನೀವೇ. ಆ ಕರಾರಿನ ಕಲಮುಗಳನ್ನು ಇಲ್ಲಿ ಬರೆದು ಕಾಗದ ತುಂಬಿಸುವುದಿಲ್ಲ. ಗ್ರಾಹಕರ ಲಿಖಿತ ಒಪ್ಪಿಗೆ ಇಲ್ಲದೆ ಡಿಸ್ಕ್ ಅಳಿಸಬಾರದು ಎಂಬುದು ನಿಮಗೆ ಗೊತ್ತು. ತಿಂಗಳಿಗೊಮ್ಮೆ ಬ್ಯಾಕಪ್ ತೆಗೆದಿಡುವ ಕೆಲಸ ನಿಮ್ಮದು ಎಂಬುದೂ ಗೊತ್ತು.

ನಿಮ್ಮ ಹುಡುಗ ಬಂದದ್ದು ಪ್ರಿಂಟರಿನ ರೋಲರ್ ಬದಲಿಸಲು. ನಾನು ಗಿರಾಕಿಯೊಬ್ಬರ ಪ್ರೂಫ್ ನೋಡುತ್ತಿದ್ದಾಗ ಅವನು ಎರಡೂ ಯಂತ್ರಗಳಿಗೆ ಹೊಸ 6.8 ಕರ್ನಲ್, ಅಂದರೆ ಓಎಸ್ಸಿನ ತಿರುಳು, ಹಾಕಿದ. ಕೇಳಿದ್ದಕ್ಕೆ "ಸ್ಪೀಡ್ ಆಗ್ತದೆ ಅಕ್ಕ" ಎಂದ. ಸ್ಪೀಡ್ ಬೇಕೆಂದು ಹೇಳಿದವರು ಯಾರು? ಇದ್ದ 5.15 ಕರ್ನಲಿನಲ್ಲಿ ಕೆಲಸ ಸುಸೂತ್ರವಾಗಿ ನಡೆಯುತ್ತಿತ್ತು. 22.04ಕ್ಕೆ 2027ರವರೆಗೆ ಬೆಂಬಲವೂ ಇದೆ. ಅವನು ಹೋದ ಮೇಲೆ ಕರೆಂಟು ಹೋಗಿ ಬಂತು, ಎರಡೂ ಯಂತ್ರ ಏಳಲಿಲ್ಲ. ಕಪ್ಪು ಪರದೆಯ ಕೊನೆಯ ಸಾಲಿನಲ್ಲಿ "ಕರ್ನಲ್ ಪ್ಯಾನಿಕ್", ಅದರ ಮುಂದೆ "ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್ ಬ್ಲಾಕ್ (0,0)" ಎಂದಿತ್ತು. ಅದರ ಫೋಟೋ ತೆಗೆದು ನಿಮಗೆ ಕಳಿಸಿದೆ. ನೋಡಿದ್ದೀರಿ ಎಂಬುದಕ್ಕೆ ನೀಲಿ ಗುರುತು ಬಿದ್ದಿದೆ. ಓದಿದಿರಾ?

ಮೊದಲ ಸಿಪಿಯುವನ್ನು ನಿಮ್ಮವರು ಬಂದು ಕೊಂಡೊಯ್ದರು. ಮರಳಿ ಬಂದಾಗ ಅದರಲ್ಲಿ ವಿಂಡೋಸ್ ಇತ್ತು. ನನ್ನ ಒಂದು ಕಡತವೂ ಇರಲಿಲ್ಲ. ಪರದೆಯ ಬಲಮೂಲೆಯಲ್ಲಿ "ಆಕ್ಟಿವೇಟ್ ವಿಂಡೋಸ್" ಎಂಬ ಮಸುಕು ಅಕ್ಷರ. ಎಂದರೆ ಲೈಸೆನ್ಸ್ ಇಲ್ಲದ ಸರಕನ್ನು ನನ್ನ ಅಂಗಡಿಗೆ ತುಂಬಿಸಿ, ಅದಕ್ಕೇ ಬಿಲ್ಲು ಹಾಕಿದ್ದೀರಿ.

ಹೋದದ್ದು ಏನೆಂದು ಕೇಳಿ. ನಮ್ಮೂರ ವಾಚನಾಲಯದ ಸ್ಮರಣ ಸಂಚಿಕೆಯ ಪುಟಗಳು. ನಿವೃತ್ತ ಮಾಷ್ಟ್ರೊಬ್ಬರು ಕೆಂಪು ಪೆನ್ನಿನಲ್ಲಿ ಅರ್ಕಾವತ್ತು ಒತ್ತಕ್ಷರ ಸಮೇತ ತಿದ್ದಿ ಕೊಟ್ಟದ್ದನ್ನು ನಾನು ಒಂದೊಂದೇ ಸೇರಿಸಿದ್ದೆ. ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನ ಬಯಲಾಟದ ಕರಪತ್ರಗಳ ಅಚ್ಚು, ಮದುವೆ ಕಾಗದಗಳು ಎಲ್ಲ ಅದರಲ್ಲಿದ್ದವು. ಪ್ರೆಸ್ಸಿಗೆ ಕಳಿಸಿದ ಪಿಡಿಎಫ್ ಕೆಲವು ಸಿಕ್ಕಿವೆ. ಪಿಡಿಎಫ್‌ನಲ್ಲಿ ಕನ್ನಡ ತಿದ್ದಲು ಹೋದವರಿಗೆ ಅದರ ಪಾಡು ಗೊತ್ತು. ಒತ್ತಕ್ಷರವೊಂದು ಕಡೆ, ದೀರ್ಘವೊಂದು ಕಡೆ. ಡಿಸ್ಕ್ ಎಸ್‌ಎಸ್‌ಡಿ. ಫಾರ್ಮ್ಯಾಟ್ ಮಾಡುವಾಗಲೇ ಹಳೆಯ ಮಾಹಿತಿಯ ಜಾಗವನ್ನು ಖಾಲಿ ಮಾಡಿಸುವ ಟ್ರಿಮ್ ಆದೇಶ ಹೋಗುವುದರಿಂದ ಯಾವ ರಿಕವರಿ ಸಾಫ್ಟ್‌ವೇರಿಗೂ ಅವು ಮರಳಿ ಸಿಗುವ ಭರವಸೆ ಇಲ್ಲ. ಉಳಿದದ್ದು ನಿಮ್ಮ ತಿಂಗಳ ಬ್ಯಾಕಪ್. ಅದನ್ನು ಕೇಳಿದಾಗಲೆಲ್ಲ "ಸರ್ವರಿನಲ್ಲಿ ನೋಡ್ತೇವೆ" ಎಂಬ ಉತ್ತರವೇ ಬಂದಿದೆ.

ಎರಡನೆಯ ಸಿಪಿಯು ಹೊತ್ತುಕೊಂಡು ನಾನೇ ಬಸ್ಸಿನಲ್ಲಿ ನಿಮ್ಮಲ್ಲಿಗೆ ಬಂದೆ. ಆ ದಿನ ಕೌಂಟರಿನಲ್ಲಿ ನಡೆದದ್ದನ್ನು ಮಾತು ಬಿಡದೆ ಬರೆಯುತ್ತೇನೆ, ನಿಮ್ಮಲ್ಲಿ ಸಿಸಿಟಿವಿ ಇದೆ, ಸರಿಯೋ ಎಂದು ನೋಡಿಕೊಳ್ಳಿ. ಕೌಂಟರಿನವರು ಸಿಪಿಯುವಿಗೆ ವೈರನ್ನೂ ಚುಚ್ಚಲಿಲ್ಲ. "ಇದೂ ಫಾರ್ಮ್ಯಾಟ್ ಅಕ್ಕ" ಎಂದರು. "ನೋಡದೆ ಹೇಗೆ ಹೇಳುತ್ತೀರಿ?" ಎಂದು ಕೇಳಿದೆ. "ಲಿನಕ್ಸ್ ಅಲ್ವಾ, ಹೋದರೆ ಹೋಯಿತು." "ಡಿಸ್ಕ್ ಹೋದದ್ದೋ, ಬೂಟ್ ಆಗದ್ದೋ?" "ಎರಡೂ ಒಂದೇ." ಒಂದೇ ಅಲ್ಲ, ಪರದೆಯಲ್ಲಿ ಏನು ಬರುತ್ತದೆಂದು ಒಮ್ಮೆ ಓದಿ ಎಂದೆ. ಆಗ ಒಳಗಿನಿಂದ ಮ್ಯಾನೇಜರ್ ಬಂದರು. ನನ್ನ ಮುಖ ನೋಡಲಿಲ್ಲ, ಸಿಪಿಯು ನೋಡಿದರು. "ಮನೆಯಲ್ಲಿ ಯಜಮಾನರು ಇಲ್ವಾ? ಫೋನು ಹಚ್ಚಿ ಕೊಡಿ, ಅವರಿಗೆ ಹೇಳಿದರೆ ಅರ್ಥ ಆಗ್ತದೆ." ಅಂಗಡಿಯ ಲೈಸೆನ್ಸ್ ನನ್ನ ಹೆಸರಿನಲ್ಲಿದೆ, ನಿಮ್ಮ ಕರಾರಿಗೆ ಸಹಿ ಹಾಕಿದವಳೂ ನಾನೇ ಎಂದೆ. ಅದಕ್ಕೆ ಉತ್ತರವಿಲ್ಲ. ನನ್ನ ಹಿಂದೆ ನಿಂತಿದ್ದವರಿಗೆ "ಸರ್, ನಿಮ್ಮದೇನು?" ಎಂದು ಕೇಳಿ, ಅವರ ಲ್ಯಾಪ್‌ಟಾಪ್ ಇಡಲು ನನ್ನ ಸಿಪಿಯುವನ್ನು ಕೈಯಿಂದ ಬದಿಗೆ ತಳ್ಳಿದರು. ಮತ್ತೆ ಕೌಂಟರಿನವರ ಕಡೆ ತಿರುಗಿ ಮಲಯಾಳದಲ್ಲಿ "ಇವರ್ಕ್ ಒನ್ನುಂ ಅರಿಯಿಲ್ಲ", ಇವರಿಗೆ ಏನೂ ಗೊತ್ತಿಲ್ಲ, ಎಂದು ನಕ್ಕರು. ಕಾಸರಗೋಡಿನಲ್ಲಿ ಹುಟ್ಟಿ ಬೆಳೆದ ಕನ್ನಡದ ಹೆಂಗಸಿಗೆ ಮಲಯಾಳ ತಿಳಿಯುವುದಿಲ್ಲ ಎಂದುಕೊಂಡಿರಾ? ಬೆಂಚಿನಲ್ಲಿ ಕೂತಿದ್ದವರಿಗೆಲ್ಲ ಅರ್ಥವಾಯಿತು, ನನಗೂ ಆಯಿತು. ಸಿಪಿಯು ಎತ್ತಿಕೊಂಡು ಹೊರಗೆ ಬಂದೆ.

ಏನೂ ಅರಿಯದವಳು ಆ ರಾತ್ರಿ ಮಾಡಿದ್ದು ಇಷ್ಟು. ಸ್ವಿಚ್ ಹಾಕಿದ ಕೂಡಲೇ ಎಸ್ಕೇಪ್ ಕೀ ಒತ್ತಿದಾಗ ಯಾವ ಕರ್ನಲಿನಲ್ಲಿ ಏಳಬೇಕೆಂದು ಆರಿಸುವ ಗ್ರಬ್ ಮೆನು ಬಂತು. ಅಡ್ವಾನ್ಸ್‌ಡ್ ಆಪ್ಶನ್ಸ್ ಒಳಗೆ ಹಳೆಯ 5.15 ಕರ್ನಲ್ ಇತ್ತು. ಅದನ್ನು ಆರಿಸಿ ಎಂಟರ್ ಒತ್ತಿದೆ. ಯಂತ್ರ ಎದ್ದಿತು. ನನ್ನ ಕಡತಗಳೆಲ್ಲ ಇದ್ದ ಜಾಗದಲ್ಲೇ ಇದ್ದವು. ಜಾಗ ಎಷ್ಟಿದೆ ಎಂದು ನೋಡಿದರೆ, ಕರ್ನಲುಗಳನ್ನಿಡಲು ಡಿಸ್ಕಿನಲ್ಲಿ ನೀವೇ ಚಿಕ್ಕದಾಗಿ ಮಾಡಿಟ್ಟ ಬೂಟ್ ಪಾರ್ಟಿಶನ್ 100 ಪ್ರತಿಶತ ತುಂಬಿತ್ತು. ಹಳೆಯ ಕರ್ನಲುಗಳನ್ನು ತೆಗೆಯದೆ ನಿಮ್ಮ ಹುಡುಗ ಹೊಸದನ್ನು ತುರುಕಿದ್ದ. ಕರ್ನಲ್ ಸೇರಿಕೊಂಡಿತು, ಅದರ ಜೊತೆ ಇರಬೇಕಾದ, ಡಿಸ್ಕ್ ಓದುವ ಡ್ರೈವರುಗಳ ಕಡತವಾದ ಇನಿಟ್‌ರ್ಯಾಮ್‌ಎಫ್‌ಎಸ್‌ಗೆ ಜಾಗ ಸಾಲಲಿಲ್ಲ. ಅದಿಲ್ಲದೆ ಕರ್ನಲಿಗೆ ಡಿಸ್ಕ್ ಕಾಣುವುದಿಲ್ಲ, ಪರದೆಯ ಆ (0,0) ಹೇಳುತ್ತಿದ್ದದ್ದು ಇದನ್ನೇ. ಬಳಕೆಯಲ್ಲಿಲ್ಲದ ಹಳೆಯ ಕರ್ನಲುಗಳನ್ನು ತೆಗೆದು, ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಪೂರ್ತಿ ಮಾಡಿಸಿ, ಇನಿಟ್‌ರ್ಯಾಮ್‌ಎಫ್‌ಎಸ್ ಹೊಸದಾಗಿ ಕಟ್ಟಿ, ಗ್ರಬ್ ಅಪ್‌ಡೇಟ್ ಮಾಡಿದೆ. ಈಗ 6.8 ಕರ್ನಲಿನಲ್ಲೂ ಏಳುತ್ತದೆ. ಈ ಪತ್ರ ಟೈಪ್ ಮಾಡುತ್ತಿರುವುದು ಅದೇ ಯಂತ್ರದಲ್ಲಿ.

ಅಂದರೆ ಮೊದಲ ಯಂತ್ರವನ್ನೂ ಅಳಿಸಬೇಕಾಗಿರಲಿಲ್ಲ. ಒಂದೇ ದಿನ, ಒಂದೇ ಕೈ, ಪರದೆಯಲ್ಲಿ ಒಂದೇ ಸಾಲು. ಗ್ರಬ್ ಮೆನು ತೆರೆದು ನೋಡುವ ತಾಳ್ಮೆ ನಿಮ್ಮ ಕಚೇರಿಯಲ್ಲಿ ಒಬ್ಬರಿಗೂ ಇರಲಿಲ್ಲ. ನಮ್ಮ ಜಿಲ್ಲೆಯ ಹೈಸ್ಕೂಲು ಮಕ್ಕಳು ಕೇರಳ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್ ಕೊಟ್ಟ ಲಿನಕ್ಸಿನಲ್ಲೇ ಐಟಿ ಪ್ರಾಕ್ಟಿಕಲ್ ಪರೀಕ್ಷೆ ಬರೆಯುತ್ತಾರೆ. ಅಂಥ ಊರಿನಲ್ಲಿ ಕೂತು "ಲಿನಕ್ಸ್ ಅಲ್ವಾ, ಹೋದರೆ ಹೋಯಿತು" ಎನ್ನುವವರು ಆ ಹೆಸರು ಹೇಳಿ ಎಎಂಸಿ ದುಡ್ಡು ತೆಗೆದುಕೊಳ್ಳಬಾರದು.

"ನಮ್ಮ ಹುಡುಗ ಮುಟ್ಟಲೇ ಇಲ್ಲ" ಎಂದು ಫೋನಿನಲ್ಲಿ ಹೇಳಿದ್ದೀರಿ. ಉಬುಂಟುವಿಗೆ ಪ್ಯಾಕೇಜು ಹಾಕುವ ಎಪಿಟಿಯ ಹಿಸ್ಟರಿ ಲಾಗ್ ತೆಗೆದು ನೋಡಿದ್ದೇನೆ. ಯಾವ ದಿನ, ಯಾವ ಹೊತ್ತಿಗೆ, ಯಾವ ಪ್ಯಾಕೇಜ್ ಹಾಕಲಾಯಿತು ಎಂಬುದು ಅದರಲ್ಲಿದೆ. "ರಿಕ್ವೆಸ್ಟೆಡ್ ಬೈ" ಎಂಬಲ್ಲಿ ಇರುವುದು ನೀವು ಸರ್ವಿಸಿಗೆಂದು ಮಾಡಿಕೊಂಡ ಖಾತೆಯ ಹೆಸರು. ಆಗ ಪರದೆಯಲ್ಲಿ ಬಂದದ್ದನ್ನು ಬರೆದಿಡುವ ಟರ್ಮ್ ಲಾಗಿನಲ್ಲಿ "ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್" ಎಂಬ ಸಾಲೂ ಉಳಿದಿದೆ. ಅದು ಕಣ್ಣೆದುರು ಬಂದ ಮೇಲೂ ಅವನು ಪರದೆಯ ಆ ವಿಂಡೋ ಮುಚ್ಚಿ ಎದ್ದು ಹೋಗಿದ್ದಾನೆ. ಎರಡರ ಪ್ರಿಂಟನ್ನೂ ಈ ಪತ್ರಕ್ಕೆ ಲಗತ್ತಿಸಿದ್ದೇನೆ.

1,500 ರೂಪಾಯಿಯ ಬಿಲ್ಲು ರದ್ದಾಗಬೇಕು. ಕರಾರಿನ ಪ್ರಕಾರ ತೆಗೆದಿಟ್ಟ ಬ್ಯಾಕಪ್ ನನ್ನ ಕೈಗೆ ಬರಬೇಕು. ಬ್ಯಾಕಪ್ ತೆಗೆದೇ ಇಲ್ಲ ಎಂದಾದರೆ ಅದನ್ನು ಲೆಟರ್‌ಹೆಡ್ಡಿನಲ್ಲಿ ಬರೆದು, ಸೀಲು ಹಾಕಿ ಕೊಡಿ. ಇದಕ್ಕೆ ಹದಿನೈದು ದಿನ ಕೊಡುತ್ತೇನೆ. ಹುಡುಗನನ್ನು ಕೆಲಸದಿಂದ ತೆಗೆಯಿರಿ ಎಂದು ನಾನು ಕೇಳುವುದಿಲ್ಲ. ಅವನಿಗೆ ಕಲಿಸದೆ ಕಳಿಸಿದವರು ನೀವು.

ಆಮೇಲೆ ಮಾತು ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ. ಅಂಗಡಿ ನಡೆಸುವವಳು ಗ್ರಾಹಕಳಲ್ಲ ಎಂದು ನಿಮ್ಮ ವಕೀಲರು ಹೇಳಲು ಹೊರಟರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ಎಂದರೆ ಯಾರು ಎನ್ನುವ ಕಲಮಿನ ವಿವರಣೆಯನ್ನು ಮೊದಲು ಓದಲಿ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸುವವರು ಗ್ರಾಹಕರೇ. ಐದು ಲಕ್ಷದೊಳಗಿನ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ, ನಾನೇ ನಿಂತು ವಾದಿಸುತ್ತೇನೆ. ಆ ಲೈಸೆನ್ಸಿಲ್ಲದ ವಿಂಡೋಸನ್ನು ಮುಟ್ಟದೆ ಹಾಗೇ ಇಟ್ಟಿದ್ದೇನೆ, ಅದನ್ನೂ ಅಲ್ಲಿ ತೆರೆದು ತೋರಿಸುತ್ತೇನೆ. ಬದಿಯಡ್ಕದಿಂದ ಕುಂಬಳೆಯವರೆಗೆ ನಿಮ್ಮ ಎಎಂಸಿ ಇರುವ ಅಂಗಡಿಗಳು ಯಾವುವು ಎಂದು ನನಗೆ ಗೊತ್ತು. ಈ ಪತ್ರದ ಪ್ರತಿ, ಲಾಗಿನ ಪ್ರಿಂಟು ಎರಡನ್ನೂ ಅವರೆಲ್ಲರಿಗೆ ನಾನೇ ಕೊಂಡುಹೋಗಿ ಕೊಟ್ಟು, ನಿಮ್ಮ ಬ್ಯಾಕಪ್ ಇದೆಯೇ ಎಂದು ಅವರಿಂದಲೇ ಕೇಳಿಸುತ್ತೇನೆ.

ಇತಿ,
ಮಾಲಕಿ, ಡಿಟಿಪಿ ಅಂಗಡಿ,
ಬದಿಯಡ್ಕ, ಕಾಸರಗೋಡು ಜಿಲ್ಲೆ